ಕೊನೆಯ ನಿಲ್ದಾಣದ ಹತ್ತು ನಿಮಿಷ

ಉರ್ಕಿಯಾ ಓಡಿಸುತ್ತಿದ್ದ ಟ್ರಾಲಿಬಸ್ಸಿನಲ್ಲಿ ನಾನು ಟಿಕೆಟ್ ಹರಿಯುತ್ತಿದ್ದೆ. ಅವಳು ಮುಂದೆ ಗಾಜಿನ ಗೂಡಿನೊಳಗೆ, ನಾನು ಹಿಂದೆ ಜನರ ನಡುವೆ. ನಮ್ಮ ಊರು ಅಲ್ಮಾಟಿಯಲ್ಲಿ ದಾರಿ ಹೇಳುವವರು ಎಡ ಬಲ ಅನ್ನುವುದಿಲ್ಲ, ಮೇಲೆ ಕೆಳಗೆ ಅನ್ನುತ್ತಾರೆ. ಮೇಲೆ ಅಂದರೆ ಬೆಟ್ಟದ ಕಡೆ, ಕೆಳಗೆ ಅಂದರೆ ಬಯಲಿನ ಕಡೆ. ಆ ಮೇಲು ಕೆಳಗನ್ನು ನಾವಿಬ್ಬರೂ ವರ್ಷಗಟ್ಟಲೆ ಒಟ್ಟಿಗೇ ಹತ್ತಿ ಇಳಿದವರು.

ಡಿಪೋದಲ್ಲಿ ಅವಳಷ್ಟು ನಯವಾಗಿ ಗಾಡಿ ಓಡಿಸುವವರು ಇರಲಿಲ್ಲ. ನಿಂತ ಮುದುಕಿಯರು ಕಂಬಿ ಹಿಡಿಯುವ ಮೊದಲು ಅವಳು ಗಾಡಿ ಬಿಡುತ್ತಿರಲಿಲ್ಲ. ಯಾರೇನು ಕೇಳಿದರೂ ಅವಳ ಬಾಯಲ್ಲಿ ಬರುತ್ತಿದ್ದ ಮಾತು ಒಂದೇ, "ಆಗಲಿ." ಯಾರದೋ ಪಾಳಿಗೆ ಬದಲಾಗಿ ಹೋಗುತ್ತೀಯಾ? ಆಗಲಿ. ಭಾನುವಾರ ಗಂಡನ ಕಡೆಯ ಹದಿನೈದು ಜನ ಊಟಕ್ಕೆ ಬರುತ್ತಾರೆ. ಆಗಲಿ. ಗಂಡ ಸಪರ್ಗಲಿ ಒಳ್ಳೆಯವನೇ, ಆದರೆ ದೂರದ ಎಣ್ಣೆ ಬಾವಿಯ ಕೆಲಸದವನು. ಒಂದು ತಿಂಗಳು ಅಲ್ಲಿದ್ದರೆ ಒಂದು ತಿಂಗಳು ಮನೆಯಲ್ಲಿರುತ್ತಿದ್ದ. ಎರಡು ಕೋಣೆಯ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಅತ್ತೆ ಬಾತಿಮಾ. ಬಾತಿಮಾಳ ನಾಲಿಗೆಗೆ ಇಡೀ ಕಟ್ಟಡವೇ ಹೆದರುತ್ತಿತ್ತು.

ಅದು ನಡೆದದ್ದು ಫೆಬ್ರವರಿಯಲ್ಲಿ. ಬೀದಿಯ ಮೇಲೆ ಗಾಡಿಗೆ ಕರೆಂಟು ಕೊಡುವ ತಂತಿಯಲ್ಲಿ ಮಂಜು ಗಟ್ಟಿಯಾಗಿತ್ತು. ದೊಡ್ಡ ಮಾರುಕಟ್ಟೆಯ ತಿರುವಿನಲ್ಲಿ ಗಾಡಿಯ ಕೊಂಬು ತಂತಿಯಿಂದ ಜಾರಿತು. ನೆತ್ತಿಯ ಮೇಲಿನ ಎರಡು ಉದ್ದ ಕೋಲುಗಳಿಗೆ ನಾವು ಕೊಂಬು ಅನ್ನುತ್ತಿದ್ದೆವು, ಅವು ತಂತಿ ಬಿಟ್ಟರೆ ಗಾಡಿ ಸತ್ತ ಎಮ್ಮೆ. ಉರ್ಕಿಯಾ ಕೈಗವಸು ಹಾಕಿಕೊಂಡು ಇಳಿದಳು, ಹಿಂದೆ ಹೋಗಿ ಹಗ್ಗ ಎಳೆದು ಒಂದೊಂದೇ ಕೊಂಬನ್ನು ತಂತಿಗೆ ಕೂರಿಸಿದಳು. ಹಿಂದಿನ ಕಾರುಗಳು ಹಾರ್ನ್ ಬಾರಿಸುತ್ತಿದ್ದವು. ಒಳಗಿನ ಜನ ಬೈಯುತ್ತಿದ್ದರು, "ಏನಮ್ಮಾ, ಹೆಂಗಸರ ಕೈಗೆ ಗಾಡಿ ಕೊಟ್ರೆ ಇದೇ ಕಥೆ!" ಅವಳು ಬಂದು ಕೂತಳು. ಗಾಡಿ ಮಾತ್ರ ಕದಲಲಿಲ್ಲ.

ನಾನು ಗಾಜಿನೊಳಗೆ ಇಣುಕಿದೆ. ಎರಡೂ ಕೈ ಚಕ್ರದ ಮೇಲೆ, ಗಡಗಡ ನಡುಗುತ್ತಿದ್ದವು. ತುಟಿ ಬಿಳಿಚಿತ್ತು.

"ಜಾನಿಲ್," ಅಂದಳು, "ನಾನು ಸಾಯ್ತಾ ಇದೀನಿ ಕಣೇ. ಎದೆ ಒಡೆದು ಹೋಗ್ತಾ ಇದೆ. ಮಕ್ಕಳಿಗೆ ಹೇಳು."

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ತಂತಿ ಅಂಟಿಸಿ ಎದೆ ನೋಡಿದರು, ರಕ್ತ ನೋಡಿದರು. ಎಳೆಯ ವೈದ್ಯನೊಬ್ಬ ಕಾಗದ ನೋಡುತ್ತಲೇ, "ಏನೂ ಇಲ್ಲ, ಮನೆಗೆ ಹೋಗಬಹುದು" ಅಂದ. ಸತ್ತು ಬದುಕಿ ಬಂದವಳಿಗೆ ಏನೂ ಇಲ್ಲ ಅಂದರೆ ಅದಕ್ಕಿಂತ ಅವಮಾನ ಬೇರೆ ಬೇಕೇ?

ಅಲ್ಲಿಂದ ಎಲ್ಲರೂ ವೈದ್ಯರೇ. ಬಾತಿಮಾ ಸೊಸೆಗೆ ದೃಷ್ಟಿ ತಗುಲಿದೆ ಅಂದು ಬಾಯಲ್ಲಿ ನೀರು ತುಂಬಿಕೊಂಡು ಮುಖಕ್ಕೆ ಫುರ್ರನೆ ಉಗುಳಿದಳು. ಮೇಲಿನ ಮಹಡಿಯವಳು ಜೇನಿನಲ್ಲಿ ಬೆಳ್ಳುಳ್ಳಿ ಅರೆದು ತಂದಳು. ಡಿಪೋದ ಗಂಡಸರು, "ಒಂದು ಗುಟುಕು ವೋಡ್ಕಾ ಹಾಕು, ಸರಿಹೋಗುತ್ತೆ" ಅಂದರು. "ಮನಸ್ಸಿಗೆ ಹಚ್ಕೋಬೇಡ" ಅಂದವರಿಗಂತೂ ಲೆಕ್ಕವಿಲ್ಲ. ಹಚ್ಚಿಕೊಳ್ಳದೆ ಇರುವುದು ಹೇಗೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಅದು ಮತ್ತೆ ಬಂತು, ಮತ್ತೆ ಮತ್ತೆ ಬಂತು. ಒಮ್ಮೆ ಸೇತುವೆಯ ಕೆಳಗೆ, ಒಮ್ಮೆ ಮನೆಯಲ್ಲಿ ಈರುಳ್ಳಿ ಹೆಚ್ಚುವಾಗ. ಔಷಧದಂಗಡಿಯಲ್ಲಿ ತಾನೇ ಕೊಂಡ ಎದೆನೋವಿನ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಅವಳು ಗಾಡಿ ಓಡಿಸುತ್ತಿದ್ದಳು. ತಿಳಿದರೆ ಕೆಲಸದಿಂದ ತೆಗೆಯುತ್ತಾರೆಂಬ ಭಯ ಬೇರೆ. ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಊಟ ಸೇರದು. ಮುಖ ದಿನೇ ದಿನೇ ಒಣಗಿದ ಏಪ್ರಿಕಾಟ್ ಹಣ್ಣಿನ ಹಾಗೆ ಆಯಿತು. ಕೊನೆಗೆ ನಾನೇ ಒಂದು ರಜೆಯ ದಿನ ಕೈ ಹಿಡಿದು ನಮ್ಮ ಬಡಾವಣೆಯ ದವಾಖಾನೆಗೆ ಎಳೆದುಕೊಂಡು ಹೋದೆ.

ಅಲ್ಲಿ ಡಾಕ್ಟರ್ ತ್ಸೋಯ್ ಇದ್ದರು, ಕೊರಿಯನ್ ಮನೆತನದ ಹೆಂಗಸು. ನಿವೃತ್ತಿ ಹತ್ತಿರವಿತ್ತು, ಅವಸರವಿರಲಿಲ್ಲ. ಕಾಗದಗಳನ್ನೆಲ್ಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ಹೃದಯ ಗಟ್ಟಿಯಾಗಿದೆ. ಆದ್ರೆ ನೀನು ಸುಳ್ಳು ಹೇಳ್ತಾ ಇಲ್ಲ. ನಿನಗೆ ಆಗ್ತಾ ಇರೋದು ನಿಜ."

ಅಷ್ಟು ಕೇಳಿದ್ದೇ ತಡ, ಉರ್ಕಿಯಾ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅತ್ತು ಮುಗಿಯುವವರೆಗೂ ಡಾಕ್ಟರು ಕಿಟಕಿಯ ಕಡೆ ನೋಡುತ್ತಾ ಕೂತರು. ಆಮೇಲೆ ಕೇಳಿದರು, "ನಿಮ್ಮಜ್ಜ ಕುರಿ ಕಾಯ್ತಿದ್ರಾ?"

"ಹೂಂ, ಕಾಯ್ತಿದ್ರು."

"ತೋಳ ಬಂದ್ರೆ ಏನು ಮಾಡ್ತಿದ್ರು?"

"ಏನು ಮಾಡ್ತಾರೆ, ಕುದುರೆ ಹತ್ತಿ, ದೊಣ್ಣೆ ಹಿಡ್ಕೊಂಡು ಅಟ್ಟಿಸ್ಕೊಂಡು ಹೋಗ್ತಿದ್ರು."

"ಆಗ ಅವರ ಎದೆ ಹೊಡ್ಕೋತಿತ್ತು, ಕೈ ಬಿಗೀತಿತ್ತು, ಬಾಯಿ ಒಣಗ್ತಿತ್ತು. ಮೈ ಜಗಳಕ್ಕೆ ಸಿದ್ಧ ಆಗ್ತಿತ್ತು ಅಷ್ಟೆ. ತೋಳ ಓಡಿಹೋದ್ಮೇಲೆ ಗುಡಾರಕ್ಕೆ ಬಂದು, ಚಹಾ ಕುಡಿದು, ನಾಲ್ಕು ಮಾತು ಜಂಬ ಕೊಚ್ಚಿ ಮಲಗ್ತಿದ್ರು. ಮೈ ತಣ್ಣಗಾಗ್ತಿತ್ತು. ನಿನಗೆ ಬೆಳಗಾಗೋಕೆ ಮುಂಚೆನೇ ತೋಳ ಬರುತ್ತೆ. ಆದ್ರೆ ನೀನು ಸೀಟು ಬಿಟ್ಟು ಏಳೋ ಹಾಗಿಲ್ಲ, ಕೂಗೋ ಹಾಗಿಲ್ಲ, ಓಡೋ ಹಾಗಿಲ್ಲ. ಮನೆಗೆ ಹೋದ್ರೆ ಅಲ್ಲಿ ಇನ್ನೊಂದು ತೋಳ. ಮೈ ಎಷ್ಟು ದಿನ ಅಂತ ಸಿದ್ಧ ಆಗೇ ಇರುತ್ತೆ ಹೇಳು?"

ಉರ್ಕಿಯಾ ಮೂಗು ಒರೆಸಿಕೊಂಡು, "ಮಾತ್ರೆ ಇಲ್ವಾ ಇದಕ್ಕೆ?" ಅಂದಳು.

"ಇದೆ. ಬೇಕಾಗಿ ಬಂದ್ರೆ ಕೊಡ್ತೀನಿ, ಅದರಲ್ಲಿ ನಾಚಿಕೆ ಏನಿಲ್ಲ. ಮೊದಲು ಎರಡು ಕೆಲಸ ಮಾಡು. ಅದು ಬಂದಾಗ ಅದರ ಜೊತೆ ಕುಸ್ತಿಗೆ ಬೀಳಬೇಡ. ಬಂತು, ಏರುತ್ತೆ, ಇಳಿಯುತ್ತೆ ಅಂತ ಹೇಳ್ಕೋ. ಉಸಿರು ಎಳ್ಕೊಳ್ಳೋದನ್ನ ಮರೆತುಬಿಡು, ಬಿಡೋದನ್ನ ನೋಡ್ಕೋ. ಬಿಸಿ ಚಹಾ ಊದ್ತೀಯಲ್ಲ, ಹಾಗೆ ಮೆಲ್ಲಗೆ, ಉದ್ದಕ್ಕೆ. ಎರಡನೇದು, ದಿನಾ ಸಂಜೆ ಇವಳಿಗೆ ಹೇಳು, ಎಲ್ಲಿ ಬಂತು, ಅದಕ್ಕೆ ಮುಂಚೆ ಏನಾಯ್ತು ಅಂತ. ತೋಳ ಯಾವ ಕಣಿವೆಯಿಂದ ಬರುತ್ತೆ ಗೊತ್ತಾಗದೆ ಅದನ್ನ ಹೆಂಗೆ ಓಡಿಸ್ತೀಯ?"

ಅವತ್ತಿನಿಂದ ನಾವು ಡಿಪೋದಿಂದ ಮನೆಗೆ ನಡೆದೇ ಹೋಗಲು ಶುರು ಮಾಡಿದೆವು. ಬೆಟ್ಟದಿಂದ ಇಳಿದು ಬರುವ ಕಾಲುವೆಗಳು ಬೀದಿಯ ಪಕ್ಕ ಹರಿಯುತ್ತವೆ. ಅವುಗಳ ಗುಂಟ ಓಕ್ ಮರಗಳ ಕೆಳಗೆ ಅವಳು ಹೇಳುತ್ತಾ ಹೋಗುವಳು, ನಾನು ಕೇಳುತ್ತಾ ಹೋಗುವೆ. ಮೊದಮೊದಲು ಅವಳಿಗೇ ನಗು. "ಏನೇ ಇದು, ಇಲ್ಲದ ಚಹಾ ಊದ್ತಾ ಕೂತಿದೀನಿ. ಜನ ನೋಡಿದ್ರೆ ಹುಚ್ಚಿ ಅಂತಾರೆ." ಒಂದು ವಾರ ಚೆನ್ನಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಅದು ಎಷ್ಟು ಜೋರಾಗಿ ಬಂತೆಂದರೆ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ತಲೆಯನ್ನು ಚಕ್ರಕ್ಕೆ ಆನಿಸಿಬಿಟ್ಟಳು. ಆ ಸಂಜೆ, "ಬಿಡು ಜಾನಿಲ್, ನಂದು ಇಷ್ಟೇ" ಅಂದಳು.

ನಾನು ಕೇಳಿದೆ, "ಅದಕ್ಕೆ ಮುಂಚೆ ಏನಾಯ್ತು?"

"ಏನಿಲ್ಲ."

"ಏನಾದ್ರೂ ಇರುತ್ತೆ. ಊಟ ಆಗಿತ್ತಾ?"

"ಊಟ ಎಲ್ಲಿ? ಬೆಳಗ್ಗೆ ಒಂದು ಚೂರು ರೊಟ್ಟಿ. ಚಹಾನೂ ಕುಡಿದಿರಲಿಲ್ಲ."

"ಯಾಕೆ?"

ಅವಳು ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು. "ಯಾಕಂದ್ರೆ? ಚಹಾ ಕುಡಿದ್ರೆ ಎಲ್ಲಿಗೆ ಹೋಗ್ಲಿ?"

ಆಗ ಹೊಳೆಯಿತು. ನಮ್ಮ ಗಾಡಿ ಓಡುವ ಮಾರ್ಗದ ಕೆಳಗಿನ ಕೊನೆಯ ನಿಲ್ದಾಣದಲ್ಲಿ ಒಂದು ಸಿಮೆಂಟ್ ಗೋಡೆ, ಒಂದು ಪಾಳು ಜಾಗ, ಒಂದು ಸಾಲು ಪಾಪ್ಲರ್ ಮರ. ಇಷ್ಟೇ. ಗಂಡಸರು ಮರದ ಹಿಂದೆ ಹೋಗಿ ಬರುತ್ತಿದ್ದರು. ಹೆಂಗಸರು? ನಾನಾದರೆ ನಡುದಾರಿಯಲ್ಲಿ ಇಳಿದು, ಯಾವುದಾದರೂ ಅಂಗಡಿಯವರನ್ನು ಬೇಡಿಕೊಂಡು, ಹಿಂದಿನ ಗಾಡಿ ಹತ್ತಿ ಸೇರಿಕೊಳ್ಳಬಹುದು. ಗಾಡಿ ಓಡಿಸುವವಳು ಎಲ್ಲಿಗೆ ಹೋಗಬೇಕು? ಅದೂ ಅಲ್ಲದೆ ಅಲ್ಲಿ ನಿಲ್ಲುವುದಕ್ಕೂ ಹೊತ್ತಿಲ್ಲ. ವೇಳಾಪಟ್ಟಿಯ ಪ್ರಕಾರ ಮುಟ್ಟಿದ ಕೂಡಲೇ ತಿರುಗಬೇಕು. ದಾರಿಯಲ್ಲಿ ತಡವಾದರೆ ಮುಟ್ಟುವ ಮೊದಲೇ ತಿರುಗುವ ಹೊತ್ತು ಮೀರಿರುತ್ತದೆ. ತಡವಾದದ್ದಕ್ಕೆ ಸಂಬಳದಲ್ಲಿ ಕಡಿತ.

ಆಮೇಲೆ ಪ್ರತಿ ಸಂಜೆ ನೋಡುತ್ತಾ ಬಂದೆವು. ಅದು ಹಿಡಿಯುತ್ತಿದ್ದದ್ದು ಹೆಚ್ಚಾಗಿ ಒಂದೇ ಜಾಗದಲ್ಲಿ. ಕೆಳಗಿನ ಕೊನೆಯ ನಿಲ್ದಾಣಕ್ಕೆ ಸ್ವಲ್ಪ ಮುಂಚೆ, ಇಲ್ಲವೇ ಅಲ್ಲಿಂದ ತಿರುಗಿದ ಮೇಲೆ. ಹೊಟ್ಟೆ ಖಾಲಿ, ಗಂಟಲು ಒಣ, ಕೆಳಹೊಟ್ಟೆ ಕಲ್ಲು, ಹಿಂದೆ ಬೈಯುವ ಜನ. ಮನೆಯಲ್ಲಿ ಬರುತ್ತಿದ್ದದ್ದು ಶನಿವಾರ, ಮರುದಿನದ ಊಟಕ್ಕೆ ಯಾರು ಬರುತ್ತಾರೋ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲದ ದಿನ.

ಒಂದು ಬೆಳಗ್ಗೆ ಡಿಪೋದಲ್ಲಿ ಹೆಂಗಸರು ಬಟ್ಟೆ ಬದಲಿಸುವ ಕೋಣೆಯಲ್ಲಿ ಉರ್ಕಿಯಾ ಮೆಲ್ಲಗೆ ಗಾಲ್ಯಾಳನ್ನು ಕೇಳಿದಳು. ಗಾಲ್ಯಾ ರಷ್ಯನ್ ಹೆಂಗಸು, ನಮ್ಮೆಲ್ಲರಿಗಿಂತ ಹಿರಿಯಳು, ದೊಡ್ಡ ದನಿಯವಳು. "ಗಾಲ್ಯಾ, ನೀನು ಬೆಳಗ್ಗೆ ಚಹಾ ಕುಡೀತೀಯಾ?"

"ಚಹಾನಾ? ಎಂಟು ವರ್ಷ ಆಯ್ತು ಬಿಟ್ಟು. ಮೂತ್ರಪಿಂಡ ಹಾಳಾಗಿದೆ ಅಂತ ಡಾಕ್ಟ್ರು ಬೈತಾರೆ, ನೀರು ಕುಡಿ ಅಂತಾರೆ. ಅವರಿಗೇನು ಗೊತ್ತು!"

ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬಳು, "ನಾನು ಸೇತುವೆ ಹತ್ರ ಬಂದಾಗೆಲ್ಲ ಅಳ್ತೀನಿ. ಯಾಕೆ ಅಂತ ನನಗೇ ಗೊತ್ತಿಲ್ಲ" ಅಂದಳು. ಮತ್ತೊಬ್ಬಳಿಗೆ ಕೈ ಮರಗಟ್ಟುತ್ತಿತ್ತಂತೆ. ಪ್ರತಿಯೊಬ್ಬಳೂ ಅದು ತನ್ನೊಬ್ಬಳ ಹಣೆಬರಹ ಅಂದುಕೊಂಡಿದ್ದಳು. ಉರ್ಕಿಯಾ ಬೂಟಿನ ಲೇಸು ಕಟ್ಟುವುದನ್ನು ಬಿಟ್ಟು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಅಂಥ ಸಿಟ್ಟನ್ನು ನಾನು ಅದೇ ಮೊದಲು ಕಂಡದ್ದು. ಆ ಸಿಟ್ಟು ಅವಳಿಗೆ ಒಪ್ಪುತ್ತಿತ್ತು.

ಆದರೆ ಮೊದಲ ಪರೀಕ್ಷೆ ಬಂದದ್ದು ಮನೆಯಲ್ಲಿ. ಅದು ಸಪರ್ಗಲಿ ಮನೆಯಲ್ಲಿದ್ದ ತಿಂಗಳು. ಆ ಭಾನುವಾರ ನಾನೂ ಅಲ್ಲಿದ್ದೆ, ಬೌರ್ಸಾಕ್ ಅನ್ನುವ ಸಣ್ಣ ಕರಿದ ರೊಟ್ಟಿಗೆ ಹಿಟ್ಟು ಕತ್ತರಿಸಿ ಎಣ್ಣೆಗೆ ಬಿಡುತ್ತಿದ್ದೆ. ಸಪರ್ಗಲಿಯ ಅಣ್ಣ ದುಯ್ಸೆನ್ ಬಂದು ಗೌರವದ ಅತಿಥಿಗೆ ಮೀಸಲಾದ ಜಾಗದಲ್ಲಿ ಕಾಲು ಮಡಚಿ ಕೂತ. ಮಾಂಸ ತಿಂದು ಕೈ ಒರೆಸಿಕೊಂಡು, "ಮಗಳ ಮದುವೆ ನಿಶ್ಚಯ ಆಯ್ತು. ಬೀಗರ ಕಡೆಯೋರು ದೂರದಿಂದ ಬರ್ತಾರೆ, ವಾರ ಇಲ್ಲೇ ಇರ್ತಾರೆ. ಉರ್ಕಿಯಾ ಅಡುಗೆ ಅಂದ್ರೆ ಎಲ್ರಿಗೂ ಗೊತ್ತಲ್ಲ" ಅಂದ.

ಎಲ್ಲರೂ "ಆಗಲಿ" ಎಂಬ ಮಾತಿಗೆ ಕಾದರು. ಹಿರಿಯ ಗಂಡಸರನ್ನು ನಾವು ಅಗಾ ಅನ್ನುತ್ತೇವೆ, ಗಂಡನ ಅಣ್ಣನ ಎದುರಂತೂ ನಮ್ಮ ಸೊಸೆಯರು ತಲೆ ಎತ್ತುವುದೇ ಕಡಿಮೆ. ಉರ್ಕಿಯಾಳ ಕತ್ತಿನ ನರ ಹೊಡೆದುಕೊಳ್ಳುವುದು ನನಗೆ ಒಲೆಯ ಹತ್ತಿರದಿಂದಲೂ ಕಾಣುತ್ತಿತ್ತು. ಅವಳು ಕೈಯಲ್ಲಿದ್ದ ಚಹಾದ ಬಟ್ಟಲನ್ನು ತುಟಿಯ ಹತ್ತಿರ ತಂದು ಉದ್ದಕ್ಕೆ ಊದಿದಳು.

"ಅಗಾ, ನನ್ನ ಕೈಲಿ ಆಗಲ್ಲ."

ಸಪರ್ಗಲಿ ತಿನ್ನುತ್ತಿದ್ದದ್ದನ್ನು ನಿಲ್ಲಿಸಿದ.

"ಮದುವೆ ದಿನ ಬರ್ತೀನಿ, ಬೇಕಾದಷ್ಟು ಬೌರ್ಸಾಕ್ ಕರಿದು ಕೊಡ್ತೀನಿ, ನಿಮ್ಮ ಮಗಳು ನನಗೂ ಮಗಳೇ. ಆದ್ರೆ ವಾರವಿಡೀ ಮನೇಲಿ ಜನ ಇಟ್ಕೊಂಡು ಗಾಡಿ ಓಡ್ಸೋಕೆ ಆಗಲ್ಲ. ನನಗೆ ಹುಷಾರಿಲ್ಲ ಅಗಾ."

ದುಯ್ಸೆನ್ ಅವಳ ಕಡೆ ನೋಡಲಿಲ್ಲ. ತಾಯಿಯ ಕಡೆ ತಿರುಗಿದ. "ಅಪಾ, ನಿಮ್ಮ ಸೊಸೆ ಮಾತು ಕೇಳಿದ್ರಾ?"

ಬಾತಿಮಾ ಬಟ್ಟಲನ್ನು ಕೆಳಗಿಟ್ಟಳು. ಈಗ ಗುಡುಗುತ್ತಾಳೆ ಎಂದು ನಾನು ಜಾಲರಿ ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ದುಯ್ಸೆನ್, ನಿನ್ನ ಮನೇಲಿ ಎಷ್ಟು ಕೋಣೆ?"

"ಐದು, ಅಪಾ."

"ಇಲ್ಲಿ?"

"ಎರಡು."

"ಮತ್ತೆ? ಲೆಕ್ಕ ನಿನಗೇ ಬರುತ್ತಲ್ಲ. ಇನ್ನೊಂದು ಚೂರು ಮಾಂಸ ತಗೋ."

ದುಯ್ಸೆನ್ ಹೋದ ಮೇಲೆ ಮುದುಕಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಕೊನೆಗೂ ಬಾಯಿ ಬಂತಲ್ಲ ನಿಂಗೆ! ಇಷ್ಟು ವರ್ಷ ಮೂಗಿಯನ್ನ ತಂದ್ಕೊಂಡೆ ಅಂತ ಬೇಜಾರಾಗಿತ್ತು ನಂಗೆ. ನೀನು ಎಲ್ಲದಕ್ಕೂ ಆಗಲಿ ಅಂದ್ರೆ ನಾವು ಆಗುತ್ತೆ ಅಂದ್ಕೋತೀವಿ. ನಮಗೇನು ಕನಸು ಬೀಳುತ್ತಾ?" ಆಮೇಲೆ ದನಿ ಇಳಿಸಿ, "ಏನು ಹುಷಾರಿಲ್ಲ? ಸರಿಯಾಗಿ ಹೇಳು. ಉಗುಳಿದ ನೀರಿಗೆ ಬಗ್ಗಲಿಲ್ಲ ಅಂದ್ರೆ ಅದು ದೃಷ್ಟಿ ಅಲ್ಲ" ಅಂದಳು.

ಉರ್ಕಿಯಾ ಎಲ್ಲ ಹೇಳಿದಳು. ತೋಳದ ಮಾತಿಗೆ ಬಾತಿಮಾ ತಲೆಯಾಡಿಸಿದಳು. ಆದರೆ ಚಹಾದ ಮಾತು ಬಂದಾಗ ಎದ್ದು ನಿಂತುಬಿಟ್ಟಳು. "ಬೆಳಗಿಂದ ಸಂಜೆವರೆಗೆ ಚಹಾ ಇಲ್ಲದೆ? ಕಜಾಕ್ ಹೆಣ್ಣು? ಯುದ್ಧದ ಕಾಲದಲ್ಲಿ ನಮ್ಮಮ್ಮ ಬೀಟ್‌ರೂಟ್ ಹೊಲದಲ್ಲಿ ದುಡಿದ್ಲು, ಅವಳಿಗೂ ಮಧ್ಯಾಹ್ನ ಒಂದು ಬಟ್ಟಲು ಸಿಗ್ತಿತ್ತಂತೆ! ಯಾರವನು ಅಲ್ಲಿ ದೊಡ್ಡೋನು?"

ದೊಡ್ಡವನೆಂದರೆ ತೊಲೆಗೆನ್, ವೇಳಾಪಟ್ಟಿ ಮಾಡುವವರು. ಕೆಟ್ಟವರಲ್ಲ. ಒಂದು ಕಾಲದಲ್ಲಿ ತಾವೇ ಬಸ್ಸು ಓಡಿಸಿದವರು. ತಿಂಗಳ ಸಭೆಯಲ್ಲಿ ಉರ್ಕಿಯಾ ಕೈ ಎತ್ತಿದಳು. ಎದ್ದು ನಿಂತು, "ಕೆಳಗಿನ ಕೊನೆಯ ನಿಲ್ದಾಣದಲ್ಲಿ..." ಅನ್ನುವಷ್ಟರಲ್ಲಿ ಅದು ಬಂತು. ಕೂತುಬಿಟ್ಟಳು. ಯಾರೋ ನಕ್ಕರು. ನಾನು ಅವಳ ಮೊಣಕೈ ಹಿಡಿದುಕೊಂಡೆ. ಅವಳು ಒಂದು ಗಳಿಗೆ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಎದುರಿಗೆ ಚಹಾ ಇರಲಿಲ್ಲ, ಆದರೂ ಊದಿದಳು. ಮತ್ತೆ ಎದ್ದಳು.

"ನಮಗೆ ಅಲ್ಲಿ ಒಂದು ಶೌಚಾಲಯ ಬೇಕು. ಹತ್ತು ನಿಮಿಷ ಬೇಕು. ನಾವು ದಿನವಿಡೀ ನೀರು ಕುಡಿಯಲ್ಲ. ಗಾಲ್ಯಾಗೆ ಮೂತ್ರಪಿಂಡ ಹೋಗಿದೆ. ನನಗೆ ಗಾಡಿಯಲ್ಲೇ ಕೈ ನಡುಗುತ್ತೆ. ಮುಚ್ಚಿಟ್ಟಿದ್ದೆ, ಈಗ ಹೇಳ್ತಾ ಇದೀನಿ. ನಡುಗೋ ಕೈಯಲ್ಲಿ ನೂರು ಜನರನ್ನ ಕೂರಿಸ್ಕೊಂಡು ಬರೋಳು ನಾನು."

ಗಂಡಸರ ಸಾಲಿನಲ್ಲಿ ನಗು ನಿಂತಿತು. ತೊಲೆಗೆನ್ ಮಾತ್ರ ಪೆನ್ನು ತಿರುಗಿಸುತ್ತಾ, "ನೋಡಮ್ಮಾ, ನಾನೂ ಓಡ್ಸಿದೀನಿ. ಎಲ್ರೂ ಸುಧಾರಿಸ್ಕೊಂಡು ಹೋಗ್ತಿದ್ವಿ. ಹತ್ತು ನಿಮಿಷ ಕೊಟ್ರೆ ಈ ಮಾರ್ಗದ ಗಾಡಿಗಳೆಲ್ಲ ಹಿಂದೆ ಬೀಳ್ತವೆ" ಅಂದರು.

"ಹಾಗಾದ್ರೆ ಒಂದು ದಿನ ನನ್ನ ಗಾಡಿಯಲ್ಲಿ ಕೂತ್ಕೊಳ್ಳಿ ಅಗಾ. ಮೊದಲ ಸುತ್ತಿನಿಂದ. ನೋಡಿ, ಆಮೇಲೆ ಆಗಲ್ಲ ಅಂದ್ರೆ ನಾನು ಮತ್ತೆ ಬಾಯಿ ತೆರೆಯಲ್ಲ."

"ಅಷ್ಟೇನಾ? ಬುಧವಾರ ಬರ್ತೀನಿ," ಅಂದರು ತೊಲೆಗೆನ್, ನಗುತ್ತಾ.

ಬುಧವಾರ ಬೆಳಕು ಹರಿಯುವ ಮೊದಲೇ ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಎರಡನೇ ನಿಲ್ದಾಣದಲ್ಲಿ ಬಾತಿಮಾ ಹತ್ತಿದಳು. ತಲೆಗೆ ಬಿಳಿ ವಸ್ತ್ರ, ಕಂಕುಳಲ್ಲಿ ನೀರಿನ ಕೊಡದಷ್ಟು ದೊಡ್ಡ ಫ್ಲಾಸ್ಕು, ಕೈಯಲ್ಲಿ ಬೌರ್ಸಾಕಿನ ಗಂಟು. ಉರ್ಕಿಯಾಗೆ ಇದು ಗೊತ್ತಿರಲಿಲ್ಲ, ಕನ್ನಡಿಯಲ್ಲಿ ಅವಳ ಕಣ್ಣು ಅಗಲವಾದದ್ದನ್ನು ನಾನು ಕಂಡೆ. ಮುದುಕಿ ನೇರವಾಗಿ ತೊಲೆಗೆನ್ ಪಕ್ಕ ಕೂತಳು.

"ನೀವೇನಾ ನಮ್ಮ ಸೊಸೆಯ ದೊಡ್ಡೋರು? ಇಷ್ಟು ಬೇಗ ಎದ್ದು ಬಂದಿದೀರಿ, ಮನೆಯೋಳು ಚಹಾ ಕೊಟ್ಟಳೋ ಇಲ್ವೋ. ತಗೊಳ್ಳಿ."

ನಮ್ಮಲ್ಲಿ ಬಟ್ಟಲು ತುಂಬಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥ. ಗೌರವವಿದ್ದರೆ ಅರ್ಧಕ್ಕಿಂತ ಕಡಿಮೆ ಹಾಕಿ, ಮತ್ತೆ ಮತ್ತೆ ಹಾಕುತ್ತಲೇ ಇರಬೇಕು. ಬಾತಿಮಾ ಬಹಳ ಗೌರವ ಕೊಟ್ಟಳು. ಹಾಲು ಹಾಕಿದ, ಉಪ್ಪು ಹಾಕಿದ ಬಿಸಿ ಚಹಾ, ಬಟ್ಟಲ ಮೇಲೆ ಬಟ್ಟಲು. ತೊಲೆಗೆನ್ ಬಟ್ಟಲಿಗೆ ಕೈ ಅಡ್ಡ ಹಿಡಿದರೆ, "ನಿಮ್ಮ ತಾಯಿ ಕೊಟ್ಟಿದ್ರೆ ಬೇಡ ಅಂತಿದ್ರಾ ಮಗನೇ?" ಹಿರಿಯಳ ಕೈಯ ಚಹಾ ಬೇಡವೆನ್ನುವ ಕಜಾಕ್ ಗಂಡಸು ಇನ್ನೂ ಹುಟ್ಟಿಲ್ಲ. ಫ್ಲಾಸ್ಕು ಬರಿದಾದ ಮೇಲೆ ಬಾತಿಮಾ ಅವರನ್ನು ಹರಸಿ, ಮಾರುಕಟ್ಟೆಯಲ್ಲಿ ಇಳಿದು ಹೋದಳು.

ಮೊದಲ ಸುತ್ತು ಸುಖವಾಗಿ ಮುಗಿಯಿತು. ತೊಲೆಗೆನ್ ಕಿಟಕಿಯಾಚೆ ನೋಡುತ್ತಾ, "ಚೆನ್ನಾಗಿ ಓಡಿಸ್ತೀಯಮ್ಮಾ" ಅಂದರು. ಎರಡನೇ ಸುತ್ತಿನಲ್ಲಿ ಬೀದಿಯ ತುಂಬ ಕಾರುಗಳು. ಗಾಡಿ ಆಮೆಯಾಯಿತು. ತೊಲೆಗೆನ್ ಕಾಲಿನ ಮೇಲೆ ಕಾಲು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಸೇತುವೆಯ ಕೆಳಗೆ ದಾಟುವಾಗ ಕೊಂಬು ಜಾರಿತು. ಹಿಂದಿನಿಂದ ಒಬ್ಬ, "ಹೆಂಗಸರ ಕೈಗೆ ಗಾಡಿ!" ಅಂದ. ತೊಲೆಗೆನ್ ಹಣೆಯ ಬೆವರು ಒರೆಸಿಕೊಳ್ಳುತ್ತಾ ತಿರುಗಿ, "ಸುಮ್ನಿರಯ್ಯಾ!" ಎಂದು ಗದರಿದರು. ಉರ್ಕಿಯಾ ಇಳಿದಳು, ಕೂರಿಸಿದಳು, ಬಂದಳು. ಕೈ ನಡುಗಲಿಲ್ಲ ಎಂದೇನೂ ಅಲ್ಲ. ನಡುಗಿತು. ಚಕ್ರದ ಮೇಲೆ ಕೈಯಿಟ್ಟು, ನಡುಕ ಇಳಿಯಲು ಬಿಟ್ಟು, ಆಮೇಲೆ ಹೊರಟಳು.

ಕೊನೆಯ ನಿಲ್ದಾಣ ಮುಟ್ಟಿದಾಗ ತೊಲೆಗೆನ್ ಎಲ್ಲರಿಗಿಂತ ಮೊದಲು ಇಳಿದರು. ಪಾಪ್ಲರ್ ಸಾಲಿನ ಕಡೆ ಬಿರುಸಾಗಿ ನಾಲ್ಕು ಹೆಜ್ಜೆ ಹಾಕಿದ್ದಷ್ಟೇ. ಅಲ್ಲಿ ಒಬ್ಬಳು ಟೀಚರು ಶಾಲೆಯ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿ ಮರದ ಚಿತ್ರ ಬರೆಸುತ್ತಿದ್ದಳು. ಹಿಂದೆ ನಮ್ಮ ಗಾಡಿಯ ಗಂಟೆ ಹೊಡೆಯಿತು.

"ಅಗಾ, ಹೊರಡೋ ಹೊತ್ತು ಮೀರಿದೆ," ಎಂದು ಉರ್ಕಿಯಾ ಕಿಟಕಿಯಿಂದ ಕೂಗಿದಳು, ಬಹಳ ಮರ್ಯಾದೆಯಿಂದ. "ಇಲ್ಲಿ ನಿಲ್ಲೋ ಹಾಗಿಲ್ಲ. ನೀವೇ ಬರೆದಿದ್ದು."

ಅವರು ಬಂದು ಹತ್ತಿದರು. ಮುಖ ಬೀಟ್‌ರೂಟಿನ ಹಾಗೆ ಕೆಂಪಾಗಿತ್ತು. ಅರ್ಧ ದಾರಿಯಲ್ಲಿ ಗಾಡಿ ನಿಂತು ನಿಂತು ಸಾಗುತ್ತಿದ್ದಾಗ ಎದ್ದು ಗಾಜು ತಟ್ಟಿದರು. "ಬಾಗಿಲು ತೆಗಿಯಮ್ಮಾ."

"ನಿಲ್ದಾಣ ಇಲ್ಲದ ಕಡೆ ತೆಗೆಯೋ ಹಾಗಿಲ್ಲ ಅಗಾ. ದಂಡ ಬೀಳುತ್ತೆ ನನಗೆ."

"ದಂಡ ನಾನು ಕಟ್ತೀನಿ, ತೆಗಿಯೇ ತಾಯೀ!"

"ಇಗೋ, ನಿಲ್ದಾಣ ಬಂತು. ಉಸಿರು ಮೆಲ್ಲಗೆ ಬಿಡಿ. ಚಹಾ ಊದೋ ಹಾಗೆ."

ಬಾಗಿಲು ಪೂರ್ತಿ ತೆರೆಯುವ ಮೊದಲೇ ತೊಲೆಗೆನ್ ಹಾರಿ, ಎದುರಿನ ಕ್ಯಾಂಟೀನಿನ ಕಡೆ ಕೋಟು ಹಾರಾಡಿಸುತ್ತಾ ಓಡಿದರು. ಇಡೀ ಗಾಡಿ ನಕ್ಕಿತು. ಉರ್ಕಿಯಾಳ ನಗುವನ್ನು ಕೇಳಿ ಎಷ್ಟು ತಿಂಗಳಾಗಿತ್ತೋ, ನಾನು ಟಿಕೆಟ್ ಹರಿಯುವುದನ್ನೇ ಮರೆತೆ.

ಸಂಜೆ ಡಿಪೋದಲ್ಲಿ ಅವರು ನಮಗಾಗಿ ಕಾಯುತ್ತಿದ್ದರು. ಸಿಟ್ಟಾಗಿದ್ದಾರೆ ಅಂದುಕೊಂಡೆವು. ಅವರು ಟೋಪಿ ತೆಗೆದು, ತಲೆ ಕೆರೆದುಕೊಂಡರು.

"ಉರ್ಕಿಯಾ, ನಾನು ಸುಧಾರಿಸ್ಕೊಂಡು ಹೋಗ್ತಿದ್ದೆ ಅಂದ್ನಲ್ಲ, ಸುಳ್ಳು. ನನಗೆ ಮರ ಇತ್ತು. ನಿಮಗೆ ಅದೂ ಇಲ್ಲ ಅಂತ ಒಂದು ದಿನಾನೂ ಹೊಳೀಲಿಲ್ಲ ನೋಡು." ಆಮೇಲೆ ದನಿ ತಗ್ಗಿಸಿ, "ನಿಮ್ಮತ್ತೆಗೆ ನಮಸ್ಕಾರ ಹೇಳು. ಆದ್ರೆ ಇನ್ನೊಂದ್ಸಲ ಚಹಾ ಬೇಡ ಅಂತಾನೂ ಹೇಳು" ಅಂದರು.

ಕೆಲಸ ಮರುದಿನವೇ ಆಗಲಿಲ್ಲ. ಮೇಲಿನವರಿಗೆ ಅರ್ಜಿ, ಅವರಿಂದ ಇನ್ನೂ ಮೇಲಿನವರಿಗೆ. ಎರಡು ಸಲ ಆಗುವುದಿಲ್ಲ ಎಂದು ಬಂತು. ಎರಡು ಸಲವೂ ಉರ್ಕಿಯಾ ಹೋಗಿ ಅವರ ಕಚೇರಿಯ ಬಾಗಿಲಲ್ಲಿ ಕೂತಳು, ಮೂರನೇ ಸಲ ಗಾಲ್ಯಾ ಮತ್ತು ಉಳಿದ ಹೆಂಗಸರೂ ಹೋಗಿ ಕೂತರು, ತೊಲೆಗೆನ್ ಒಳಗಿನಿಂದ ತಳ್ಳಿದರು. ಮರುವರ್ಷ ಸೇಬಿನ ಮರಗಳು ಹೂ ಬಿಡುವ ಹೊತ್ತಿಗೆ ಕೆಳಗಿನ ಕೊನೆಯ ನಿಲ್ದಾಣಕ್ಕೆ ಹಳೆಯ ರೈಲುಬೋಗಿಯಂಥ ಒಂದು ಮನೆ ಲಾರಿಯ ಮೇಲೆ ಬಂತು. ಒಳಗೆ ಒಲೆ, ಬೆಂಚು, ಪಕ್ಕದಲ್ಲಿ ಚಿಲಕವಿರುವ ಶೌಚಾಲಯ. ನಾವೇ ನೀಲಿ ಬಣ್ಣ ಹೊಡೆದೆವು. ಹೊಸ ವೇಳಾಪಟ್ಟಿಯಲ್ಲಿ ಅಲ್ಲಿ ಹತ್ತು ನಿಮಿಷ ಇತ್ತು. ಗಾಡಿಗಳು ಹಿಂದೆ ಬೀಳಲಿಲ್ಲ. ಹೊಟ್ಟೆ ಗಟ್ಟಿ ಹಿಡಿದು ಓಡಿಸುವವರಿಗಿಂತ ಚಹಾ ಕುಡಿದು ಓಡಿಸುವವರು ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದರು.

ಉರ್ಕಿಯಾಗೆ ಪೂರ್ತಿ ವಾಸಿಯಾಯಿತೇ ಎಂದು ಜನ ಕೇಳುತ್ತಾರೆ. ಅದು ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದಾಗ, "ಬಂತು ಕಣೇ" ಅನ್ನುತ್ತಾಳೆ, ನೆಂಟರು ಬಂದರು ಅಂದ ಹಾಗೆ. ಸ್ವಲ್ಪ ಹೊತ್ತು ಕೂತು ಹೋಗುತ್ತದೆ. ರಾತ್ರಿ ನಿದ್ದೆ ಬರುತ್ತದೆ. ನಾವು ಸಂಜೆ ನಡೆಯುವುದನ್ನು ಬಿಟ್ಟಿಲ್ಲ, ಈಗ ಗಾಲ್ಯಾಳೂ ಜೊತೆಗೆ ಬರುತ್ತಾಳೆ, ದಾರಿಯುದ್ದಕ್ಕೂ ಸೂರ್ಯಕಾಂತಿ ಬೀಜ ಸುಲಿಯುತ್ತಾ. ಸಪರ್ಗಲಿ ಮನೆಯಲ್ಲಿರುವ ತಿಂಗಳು ಭಾನುವಾರದ ಅಡುಗೆ ಅವನದೇ. ಅವನ ಅಡುಗೆಗೆ ಹೆದರಿ ನೆಂಟರೂ ಕಡಿಮೆಯಾಗಿದ್ದಾರೆ.

ಅದೇ ವರ್ಷ ಶರತ್ಕಾಲದಲ್ಲಿ ನಗರದ ಇನ್ನೊಂದು ತುದಿಯ ಬಸ್ ಡಿಪೋದ ಹೆಂಗಸರು ಉರ್ಕಿಯಾಳನ್ನು ಕರೆಸಿಕೊಂಡರು. ಅವರಿಗೂ ಅದೇ ಕಷ್ಟ. ಗೋದಾಮಿನಂಥ ಸಭಾಂಗಣ, ತುಂಬಿದ ಕುರ್ಚಿಗಳು, ಮುಂದಿನ ಸಾಲಿನಲ್ಲಿ ಟೈ ಕಟ್ಟಿದ ಅಧಿಕಾರಿಗಳು. ಬಾಗಿಲ ಹತ್ತಿರ ನಿಂತಾಗ ಅವಳ ಮುಖ ಬಿಳಿಚಿತ್ತು. ನಾನು ಹೆದರಿದೆ.

"ಎದೆ ಹೊಡ್ಕೋತಾ ಇದೆಯಾ?"

"ಹೂಂ. ಡೋಲು ಬಾರಿಸಿದ ಹಾಗೆ."

"ಹಾಗಾದ್ರೆ ಬೇಡ ಬಿಡು, ನಾನು ಹೋಗಿ ಹೇಳ್ತೀನಿ."

"ಯಾಕೆ?" ಅಂದಳು ಉರ್ಕಿಯಾ, ತಲೆವಸ್ತ್ರ ಸರಿಮಾಡಿಕೊಳ್ಳುತ್ತಾ. "ಹೊಡ್ಕೊಳ್ಲಿ. ಅದರ ಕೆಲಸ ಅದು ಮಾಡ್ತಾ ಇದೆ. ನನ್ನ ಕೆಲಸ ನಾನು ಮಾಡ್ತೀನಿ."

ಅವಳು ನಡುವಿನ ದಾರಿಯಲ್ಲಿ ನಡೆದು ಹೋಗಿ ಮೈಕಿನ ಮುಂದೆ ನಿಂತಳು. ಅಧಿಕಾರಿಗಳ ಸಾಲಿನ ಮೇಲಿಂದ, ಹಿಂದೆ ಕೂತಿದ್ದ ಹೆಂಗಸರ ಕಡೆ ನೋಡಿ, "ನಿಮ್ಮಲ್ಲಿ ಇವತ್ತು ಬೆಳಗಿನಿಂದ ಯಾರು ಯಾರು ನೀರು ಕುಡಿದಿಲ್ಲ, ಕೈ ಎತ್ತಿ ನೋಡೋಣ" ಅಂದಳು.

ಸಭಾಂಗಣದ ತುಂಬ ಕೈಗಳು ಎದ್ದವು. ಟೈ ಕಟ್ಟಿದವರು ಒಬ್ಬೊಬ್ಬರಾಗಿ ಹಿಂದೆ ತಿರುಗಿ ನೋಡತೊಡಗಿದರು.